ಚೆಂಡು ಆಟದಲ್ಲಿರುವಾಗ

2023ರ ವಿಂಬಲ್ಡನ್‌ನ ಒಂದು ಮಹಿಳಾ ಪಂದ್ಯದ ನಡುವೆ ಅಂಪೈರ್ ಮೈಕಿನಲ್ಲಿ ಪ್ರೇಕ್ಷಕರನ್ನು ಕೇಳಿಕೊಂಡರು: ಆಟಗಾರ್ತಿಯರು ಸರ್ವ್ ಮಾಡಲು ನಿಂತಿರುವಾಗ ದಯವಿಟ್ಟು ಶಾಂಪೇನ್ ಬಾಟಲಿಯ ಬಿರಡೆ ಹಾರಿಸಬೇಡಿ. ಆ ತುಣುಕು ಊರೆಲ್ಲ ಓಡಾಡಿತು, ಜನ ನಕ್ಕರು. ನಗುವಂಥದ್ದೇ. ಮೊಬೈಲ್ ಆಫ್ ಮಾಡಿ ಎಂದು ಪ್ರತಿ ಸಂಜೆ ಅಂಗಲಾಚುವ ನಮ್ಮ ರಂಗಮಂದಿರಗಳ ಕಡೆಯಿಂದ ನೋಡಿದರೆ ಇದು ಉಂಡು ಹೆಚ್ಚಾದವರ ತಾಪತ್ರಯ. ಆದರೂ ಆ ಅಂಪೈರ್ ಕೇಳಿದ್ದು ಸರಿಯಾಗಿತ್ತು ಎಂದು ನನ್ನ ವಾದ.

ಟೆನಿಸ್ ಆಡುವವರು ಕಣ್ಣಿನಿಂದ ಆಡುವಷ್ಟೇ ಕಿವಿಯಿಂದಲೂ ಆಡುತ್ತಾರೆ. ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ಹೊರಟ ಸರ್ವ್, 23.77 ಮೀಟರ್ ಉದ್ದದ ಅಂಗಣದ ಆ ತುದಿ ಮುಟ್ಟಲು ಸುಮಾರು ಅರ್ಧ ಸೆಕೆಂಡು ಸಾಕು. ಅಷ್ಟರೊಳಗೆ ಎದುರಿಗಿದ್ದವರು ಚೆಂಡು ಎಲ್ಲಿ ಬೀಳುತ್ತದೆ, ಎಷ್ಟು ಪುಟಿಯುತ್ತದೆ, ಯಾವ ಕಡೆಗೆ ತಿರುಗುತ್ತದೆ ಎಂದು ಊಹಿಸಬೇಕು. ತಂತಿಗೆ ನೇರವಾಗಿ ಅಪ್ಪಳಿಸಿದ ಚೆಂಡಿನ ಸದ್ದೇ ಬೇರೆ, ಸವರಿಕೊಂಡು ಹೋದ ಚೆಂಡಿನ ಸದ್ದೇ ಬೇರೆ. 1992ರ ವಿಂಬಲ್ಡನ್ ಸೆಮಿಫೈನಲ್‌ನಲ್ಲಿ ಮಾರ್ಟಿನಾ ನವ್ರಾಟಿಲೋವಾ ಎದುರಾಳಿ ಮೋನಿಕಾ ಸೆಲೆಸ್ ಹೊರಡಿಸುತ್ತಿದ್ದ ಹೂಂಕಾರದ ಬಗ್ಗೆ ದೂರಿದ್ದು ಇದೇ ಕಾರಣಕ್ಕೆ: ಚೆಂಡಿನ ಸದ್ದು ಮುಚ್ಚಿಹೋಗುತ್ತಿತ್ತು. 2016ರಲ್ಲಿ ನ್ಯೂಯಾರ್ಕಿನ ಆರ್ಥರ್ ಆ್ಯಶ್ ಕ್ರೀಡಾಂಗಣಕ್ಕೆ ಛಾವಣಿ ಬಂತು. ಮಳೆಯ ಸದ್ದೂ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರ ಗುಜುಗುಜೂ ಅದರಡಿ ಸೇರಿಕೊಂಡಾಗ ಏನೂ ಕೇಳಿಸುವುದಿಲ್ಲ ಎಂದು ಆ್ಯಂಡಿ ಮರ್ರೆ ಹೇಳಿದರು. ಅಂದರೆ ಇಲ್ಲಿ ಮೌನ ಅಲಂಕಾರಕ್ಕೆ ಇಟ್ಟದ್ದಲ್ಲ. ನೆಟ್ಟು, ರ‍್ಯಾಕೆಟ್ಟುಗಳ ಹಾಗೆ ಅದೂ ಆಟದ ಸಲಕರಣೆ.

ಈ ಮೌನಕ್ಕೆ ದೊಡ್ಡ ಮನೆತನದ ವಾಸನೆ ಇದೆ ಎನ್ನುವವರೂ ಇದ್ದಾರೆ. ಇದೆ, ಇಲ್ಲ ಎನ್ನಲಾರೆ. 1877ರಲ್ಲಿ ವಿಂಬಲ್ಡನ್ ಶುರುವಾದದ್ದು ಒಂದು ಕ್ರೋಕೆ ಕ್ಲಬ್ಬಿನ ಹುಲ್ಲುಹಾಸಿನ ಮೇಲೆ, ಚಹಾದ ಕಪ್ಪು ಹಿಡಿದು ಅಡ್ಡಾಡುವವರ ನಡುವೆ. ಅಲ್ಲಿನ ರಾಯಲ್ ಬಾಕ್ಸ್‌ಗೆ ಇವತ್ತಿಗೂ ಕೋಟು, ಟೈ ಇಲ್ಲದ ಗಂಡಸರಿಗೆ ಪ್ರವೇಶವಿಲ್ಲ. 2015ರಲ್ಲಿ ಫಾರ್ಮುಲಾ ಒನ್ ಚಾಂಪಿಯನ್ ಲೂಯಿಸ್ ಹ್ಯಾಮಿಲ್ಟನ್‌ಗೂ ಇದೇ ಕಾರಣಕ್ಕೆ ಅಲ್ಲಿ ಕೂರಲು ಆಗಲಿಲ್ಲ. ಇಂಥದ್ದನ್ನು ನಾನು ಸಮರ್ಥಿಸುವುದಿಲ್ಲ. ಟೈ ಕಟ್ಟದವನಿಂದ ಆಟಕ್ಕೆ ಏನೂ ಕೆಡುವುದಿಲ್ಲ, ಬಿರಡೆ ಹಾರಿಸುವವನಿಂದ ಕೆಡುತ್ತದೆ. ನೋಡುಗರ ನಡವಳಿಕೆಯ ಬಗ್ಗೆ ಚರ್ಚಿಸುವಾಗ ನಾವು ಈ ಎರಡನ್ನೂ ಒಂದೇ ಗಂಟಿಗೆ ಕಟ್ಟಿಬಿಡುತ್ತೇವೆ. ಆಗ ಒಬ್ಬರು ಸಭ್ಯತೆಯ ಹೆಸರಲ್ಲಿ ಎಲ್ಲವನ್ನೂ ಹೇರುತ್ತಾರೆ, ಇನ್ನೊಬ್ಬರು ಸ್ವಾತಂತ್ರ್ಯದ ಹೆಸರಲ್ಲಿ ಎಲ್ಲವನ್ನೂ ಕಿತ್ತೆಸೆಯುತ್ತಾರೆ.

ನಾಟಕದ ಮನೆಯಲ್ಲೂ ಇದೇ ಕಥೆ. ಕತ್ತಲಲ್ಲಿ ಉಸಿರು ಬಿಗಿಹಿಡಿದು ನಾಟಕ ನೋಡುವ ಪದ್ಧತಿ ನಾವು ಅಂದುಕೊಂಡಷ್ಟು ಹಳೆಯದಲ್ಲ. 1876ರಲ್ಲಿ ಬೈರಾಯ್ಟ್ ಎಂಬ ಜರ್ಮನ್ ಊರಿನಲ್ಲಿ ವಾಗ್ನರ್ ತನ್ನ ಸಂಗೀತ ನಾಟಕಗಳಿಗೆಂದೇ ಕಟ್ಟಿಸಿದ ರಂಗಮಂದಿರದಲ್ಲಿ ಪ್ರೇಕ್ಷಕರ ತಲೆಯ ಮೇಲಿನ ದೀಪ ಆರಿಸಿದ್ದೇ ಆಗ ದೊಡ್ಡ ಸುದ್ದಿಯಾಗಿತ್ತು. ಅದಕ್ಕೂ ಮುಂಚೆ ಯುರೋಪಿನ ಶ್ರೀಮಂತರು ನಾಟಕಕ್ಕೆ ಹೋಗುತ್ತಿದ್ದದ್ದು ಒಬ್ಬರನ್ನೊಬ್ಬರು ನೋಡುವುದಕ್ಕೂ ಹೌದು, ನಡುನಡುವೆ ವೇದಿಕೆಯ ಕಡೆಗೆ ಕಣ್ಣು ಹಾಯಿಸುವುದಕ್ಕೂ ಹೌದು.

ನಮ್ಮಲ್ಲಿ ಕಂಪನಿ ನಾಟಕದವರು ಸದ್ದಿನ ಮೇಲೆಯೇ ಬದುಕಿದರು. 1884ರಲ್ಲಿ ಶುರುವಾದ ಗುಬ್ಬಿ ಕಂಪನಿ ಮುಂದೆ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ, ಕುದುರೆಗಳನ್ನೇ ವೇದಿಕೆಗೆ ತಂದಿತ್ತು. ಆನೆ ಕಂಡು ಜನ ಸುಮ್ಮನೆ ಕೂತಿರಲಿ ಎಂದು ಯಾವ ಮಾಲೀಕನೂ ಬಯಸಿರಲಾರ. ಹಾಡು ಹಿಡಿಸಿದರೆ ‘ವನ್ಸ್ ಮೋರ್’ ಎಂಬ ಕೂಗು. ಹಾರ್ಮೋನಿಯಂ ಮತ್ತೆ ಶ್ರುತಿ ಹಿಡಿಯುತ್ತಿತ್ತು, ಕಥೆ ಅಲ್ಲೇ ಕಾಯುತ್ತ ನಿಲ್ಲುತ್ತಿತ್ತು. ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ದಲ್ಲಂತೂ ಆ ದಿನದ ಪತ್ರಿಕೆಯ ಸುದ್ದಿ ಸಂಜೆಯ ಮಾತಿನೊಳಗೆ ಬಂದು ಕೂರುತ್ತಿತ್ತು. ಸಭೆಯ ನಗೆ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂಬುದನ್ನು ಹಿಡಿದುಕೊಂಡೇ ಅವರ ಮುಂದಿನ ಮಾತು ಹುಟ್ಟುತ್ತಿತ್ತು. ಬಾಯಿಗೆ ಬೀಗ ಹಾಕಿದ ಸಭೆಯ ಮುಂದೆ ಆ ನಾಟಕ ಸತ್ತೇಹೋಗುತ್ತಿತ್ತು.

ಬಯಲಾಟದ್ದು ಇನ್ನೊಂದು ರೀತಿ. ಇಡೀ ರಾತ್ರಿಯ ಯಕ್ಷಗಾನಕ್ಕೆ ಚಾಪೆ ಹಿಡಿದು ಬಂದವರು ಒಂದಿಷ್ಟು ಹೊತ್ತು ನಿದ್ದೆ ಮಾಡುತ್ತಾರೆ, ಎದ್ದು ಚುರುಮುರಿ ತಿಂದು ಬರುತ್ತಾರೆ, ತಮಗೆ ಬೇಕಾದ ವೇಷ ರಂಗಕ್ಕೆ ಬರುವ ಹೊತ್ತಿಗೆ ಸರಿಯಾಗಿ ಕಣ್ಣು ಬಿಟ್ಟಿರುತ್ತಾರೆ. ‘ದೇವಿ ಮಹಾತ್ಮೆ’ಯ ಮಹಿಷಾಸುರ ದೊಂದಿಯ ಬೆಳಕಿನಲ್ಲಿ ಜನರ ನಡುವಿನಿಂದಲೇ ಆರ್ಭಟಿಸುತ್ತ ಬರುವಾಗ ಶಿಳ್ಳೆ, ಕೇಕೆ ಎಲ್ಲ ಪ್ರಸಂಗದ ಭಾಗವೇ ಆಗಿರುತ್ತವೆ. ಇದನ್ನು ಕಂಡು ‘ನಮ್ಮ ಜನಕ್ಕೆ ನೋಡುವ ಶಿಸ್ತಿಲ್ಲ’ ಎನ್ನುವವರಿಗೆ ಚೆಂಡೆಯೂ ಗೊತ್ತಿಲ್ಲ, ಶಿಸ್ತೂ ಗೊತ್ತಿಲ್ಲ. ಅದೇ ಜನ ಅರ್ಥಗಾರಿಕೆ ಬಿಗಿಯಾದಾಗ ಹೇಗೆ ಕಿವಿಗೊಡುತ್ತಾರೆ ಎಂಬುದನ್ನೂ ಇವರು ನೋಡಬೇಕು. 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಸಿ. ಬಸವಲಿಂಗಯ್ಯನವರ ನಿರ್ದೇಶನದ ‘ಮಲೆಗಳಲ್ಲಿ ಮದುಮಗಳು’ ರಾತ್ರಿಯಿಡೀ ನಡೆದಾಗ, ಕಂಬಳಿ ಹೊದ್ದ ಜನ ಒಂದು ರಂಗದಿಂದ ಇನ್ನೊಂದು ರಂಗಕ್ಕೆ ಎದ್ದು ಹೋಗಿ ಕೂತು ಬೆಳಗಿನವರೆಗೆ ನೋಡಿದರು. ಅವರಿಗೆ ಯಾರೂ ಹಾಗೆ ತರಬೇತಿ ಕೊಟ್ಟಿರಲಿಲ್ಲ.

ನಾಟ್ಯಶಾಸ್ತ್ರಕ್ಕೆ ಸದ್ದು ಮಾಡುವ, ಸುಮ್ಮನಿರುವ ಎರಡೂ ಬಗೆಯ ಸಭೆ ಗೊತ್ತಿತ್ತು. ಪ್ರಯೋಗ ಗೆದ್ದಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ ಎಂಬುದಕ್ಕೇ ಅಲ್ಲಿ ಒಂದು ಅಧ್ಯಾಯವಿದೆ. ಗೆಲುವು ಎರಡು ತೆರ: ಮಾನುಷೀ ಸಿದ್ಧಿ ಮತ್ತು ದೈವಿಕೀ ಸಿದ್ಧಿ. ಮುಗುಳ್ನಗೆಯಿಂದ ಜೋರು ನಗೆಯವರೆಗೆ, ‘ಸಾಧು’, ‘ಅಹೋ’, ‘ಕಷ್ಟಂ’ ಎಂಬ ಉದ್ಗಾರಗಳು, ಮೈ ನವಿರೇಳುವುದು, ಕೂತಲ್ಲಿಂದ ಎದ್ದುಬಿಡುವುದು, ಉತ್ತರೀಯ ಉಂಗುರಗಳನ್ನು ವೇದಿಕೆಯತ್ತ ಎಸೆಯುವುದು, ಇವೆಲ್ಲ ಮಾನುಷೀ ಸಿದ್ಧಿಯ ಗುರುತುಗಳು. ದೈವಿಕೀ ಸಿದ್ಧಿಯ ಗುರುತು ಬಹಳ ಚಿಕ್ಕದು: ಸದ್ದಿಲ್ಲ, ಕ್ಷೋಭೆಯಿಲ್ಲ, ರಂಗ ತುಂಬಿದೆ. ಶಿಳ್ಳೆಯನ್ನೂ ಮೌನವನ್ನೂ ಒಂದರ ಎದುರು ಒಂದನ್ನು ನಿಲ್ಲಿಸಿ ಜಗಳ ಹಚ್ಚದೆ, ಎರಡನ್ನೂ ಗೆಲುವೆಂದೇ ಎಣಿಸಿದ ಆ ಲೆಕ್ಕಾಚಾರ ನನಗೆ ಬಹಳ ಇಷ್ಟ. ಪ್ರಯೋಗ ಕೆಡಿಸುವ ವಿಘ್ನಗಳ ಪಟ್ಟಿಯೂ ಅಲ್ಲೇ ಇದೆ. ಮತ್ಸರದಿಂದ ಬಂದ ಎದುರು ಪಾಳೆಯದವರು ಅತಿಯಾಗಿ ನಗುವುದು, ಬೇಕೆಂದೇ ಅಳುವುದು, ಸಗಣಿ, ಮಣ್ಣುಹೆಂಟೆ ಎಸೆಯುವುದು. ಇರುವೆಗಳನ್ನು ಎರಚುವುದೂ ಆ ಪಟ್ಟಿಯಲ್ಲಿದೆ! ಇರುವೆ ಹಿಡಿದು ಕೊಟ್ಟೆ ಕಟ್ಟಿಕೊಂಡು ನಾಟಕಕ್ಕೆ ಬರುವಷ್ಟು ಶ್ರಮಪಡುವ ಮತ್ಸರಿಗಳು ಈಗ ಎಲ್ಲಿದ್ದಾರೆ?

ಈ ಎರಡು ಸಿದ್ಧಿಗಳು ಒಂದೇ ಸಂಜೆ, ಒಂದೇ ಸಭೆಯಲ್ಲಿ, ಒಂದರ ಬೆನ್ನಿಗೆ ಒಂದು ಬರುವುದನ್ನು ನೋಡಬೇಕೆಂದರೆ ಟೆನಿಸ್ ನೋಡಬೇಕು. ಚೆಂಡು ಆಟದಲ್ಲಿರುವಷ್ಟು ಹೊತ್ತು ಹದಿನೈದು ಸಾವಿರ ಜನ ಕಲ್ಲಿನಂತೆ ಕೂತಿರುತ್ತಾರೆ. ಚೆಂಡು ಸತ್ತ ಕ್ಷಣ ಅದೇ ಜನ ಎದೆ ಬಿರಿಯುವಂತೆ ಕೂಗುತ್ತಾರೆ. ಮುಂದಿನ ಸರ್ವ್‌ಗೆ ಇರುವ 25 ಸೆಕೆಂಡುಗಳಲ್ಲಿ ಆ ಕೂಗು ಏರಿ, ಇಳಿದು, ಅಂಪೈರ್ ಬಾಯಿಂದ ‘ಥ್ಯಾಂಕ್ ಯೂ’ ಬರುವಷ್ಟರಲ್ಲಿ ಅಡಗಿರಬೇಕು. ಕ್ರಿಕೆಟ್‌ಗೆ ಈ ಏರಿಳಿತವಿಲ್ಲ, ಅಲ್ಲಿ ಗದ್ದಲ ಒಂದೇ ಸಮ. ಕಲಾಪ್ರೇಮಿಗಳು ಟೆನಿಸ್ ಬಗ್ಗೆ ಮಾತಾಡುವಾಗ ಫೆಡರರ್ ಹಿಂಗೈ ಹೊಡೆತದ ಚೆಲುವನ್ನೇ ಹಾಡಿ ಹೊಗಳುತ್ತಾರೆ. ನನ್ನನ್ನು ಹಿಡಿದು ಕೂರಿಸುವುದು ಸಭೆಯ ಆ ಉಸಿರಾಟ.

ಹಾಗಾಗಿ ನಡವಳಿಕೆಯ ಬಗ್ಗೆ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ. ಈ ಸದ್ದು ಎದುರಿಗೆ ನಡೆಯುತ್ತಿರುವುದಕ್ಕೆ ಸೇರಿದ್ದೋ, ಸದ್ದು ಮಾಡಿದವನ ಸ್ವಂತದ್ದೋ? ಪಕ್ಕದ ಸೀಟಿನ ಅಜ್ಜಿ ‘ಏನಂದ ಅವನು?’ ಎಂದು ಮಗಳನ್ನು ಕೇಳಿದರೆ ನನಗೆ ಸಿಟ್ಟು ಬರುವುದಿಲ್ಲ. ಅಜ್ಜಿ ನಾಟಕದೊಳಗೇ ಇದ್ದಾರೆ. ಕೆಮ್ಮು ಯಾರ ಕೈಯಲ್ಲೂ ಇಲ್ಲ. ಮರೆತು ಆಫ್ ಮಾಡದ ಮೊಬೈಲ್ ಒಮ್ಮೆ ಹೊಡೆದುಕೊಂಡರೆ ಅದೂ ಕ್ಷಮ್ಯ, ಆ ಮನುಷ್ಯನ ತಡಕಾಟದಲ್ಲೇ ಶಿಕ್ಷೆ ಆಗಿಹೋಗಿರುತ್ತದೆ. ಆದರೆ ಅದನ್ನು ಎತ್ತಿಕೊಂಡು, ಅಂಗೈ ಅಡ್ಡ ಹಿಡಿದು, ‘ನಾಟ್ಕದಲ್ಲಿದೀನಿ ಕಣೋ, ಆಮೇಲ್ ಮಾಡ್ತೀನಿ’ ಎಂದು ವಿವರವಾಗಿ ತಿಳಿಸುವವರಿದ್ದಾರಲ್ಲ, ಅವರನ್ನು ಏನು ಮಾಡುವುದು? 2015ರಲ್ಲಿ ನ್ಯೂಯಾರ್ಕಿನ ಲಿಂಕನ್ ಸೆಂಟರ್‌ನಲ್ಲಿ ನಟಿ ಪ್ಯಾಟಿ ಲುಪೋನ್, ನಾಟಕದುದ್ದಕ್ಕೂ ಮೆಸೇಜ್ ಮಾಡುತ್ತಿದ್ದ ಒಬ್ಬ ಪ್ರೇಕ್ಷಕಿಯ ಕೈಯಿಂದ ಫೋನನ್ನೇ ಕಿತ್ತುಕೊಂಡು ಒಳಗೆ ನಡೆದರು. ಪಾತ್ರದೊಳಗಿದ್ದುಕೊಂಡೇ ಅದನ್ನು ಮಾಡಿದರು ಎನ್ನುತ್ತಾರೆ. ನಮ್ಮ ನಟರಿಗೂ ಆ ಧೈರ್ಯ ಬರಲಿ.

ಸದ್ದಿಗಿಂತ ಬೆಳಕು ಕೆಟ್ಟದ್ದು ಎಂಬುದು ಹಲವರಿಗೆ ಹೊಳೆಯುವುದೇ ಇಲ್ಲ. ಫೋನನ್ನು ಸೈಲೆಂಟ್‌ಗೆ ಹಾಕಿದೆ, ನನ್ನ ಕರ್ತವ್ಯ ಮುಗಿಯಿತು ಎಂದುಕೊಂಡು ಮಡಿಲಲ್ಲಿ ವಾಟ್ಸ್ಆ್ಯಪ್ ತೆರೆಯುತ್ತಾರೆ. ಕತ್ತಲಲ್ಲಿ ಆ ನೀಲಿ ಚೌಕ ಹಿಂದಿನ ಐದು ಸಾಲಿಗೂ ಕಾಣುತ್ತದೆ. ಬೆಳಕಿನ ವಿನ್ಯಾಸಕಾರ ವಾರಗಟ್ಟಲೆ ಕೂತು ಒಂದು ದೃಶ್ಯಕ್ಕೆ ಮಬ್ಬು ತುಂಬಿಸಿರುತ್ತಾನೆ. ನೋಡುಗ ಅಂಗೈಯಗಲದ ಗಾಜಿನಿಂದ ಅದನ್ನು ತೂತು ಮಾಡುತ್ತಾನೆ. ಇನ್ನು ಇಡೀ ನಾಟಕವನ್ನು ಫೋನ್ ಎತ್ತಿಹಿಡಿದೇ ನೋಡುವವರು. ಮಕ್ಕಳ ಬೇಸಿಗೆ ಶಿಬಿರದ ಕೊನೆಯ ದಿನದ ನಾಟಕದಲ್ಲಿ ಇವರ ಸೈನ್ಯವೇ ಇರುತ್ತದೆ. ಅಲ್ಲಿ ನಾನು ಬಾಯಿ ಬಿಡುವುದಿಲ್ಲ. ಮರದ ಪಾತ್ರ ಮಾಡುತ್ತಿರುವ ಮಗನನ್ನು ಅಪ್ಪ ವಿಡಿಯೊ ಮಾಡಿಕೊಳ್ಳಲಿ, ಅದು ಕಲೆಗಿಂತ ದೊಡ್ಡ ವಿಷಯ.

ತಡವಾಗಿ ಬರುವವರ ಪ್ರಶ್ನೆ ಇಷ್ಟು ಸಲೀಸಲ್ಲ. ಬೆಂಗಳೂರಿನ ಜೆ.ಪಿ. ನಗರದ ರಂಗಶಂಕರದಲ್ಲಿ ಏಳೂವರೆ ಎಂದರೆ ಏಳೂವರೆ. ಬಾಗಿಲು ಮುಚ್ಚಿದರೆ ಮುಚ್ಚಿತು. ಶಂಕರ್ ನಾಗ್ ನೆನಪಿನಲ್ಲಿ ಅರುಂಧತಿ ನಾಗ್ ಮುಂದಾಳುತನದಲ್ಲಿ ಎದ್ದ ಈ ರಂಗಮಂದಿರ 2004ರಲ್ಲಿ ತೆರೆದಾಗಿನಿಂದ ಈ ನಿಯಮದ ಮೇಲೆ ಜಗಳ ಆಡದ ರಂಗಪ್ರೇಮಿ ಕಡಿಮೆ. ವೈಟ್‌ಫೀಲ್ಡಿನಲ್ಲಿ ಐದು ಗಂಟೆಗೆ ಹೊರಟು ಸಿಲ್ಕ್ ಬೋರ್ಡ್ ದಾಟಲಾಗದೆ ಬೆವರಿದವರಿಗೆ ಮುಚ್ಚಿದ ಬಾಗಿಲು ಅಹಂಕಾರದಂತೆ ಕಾಣುವುದು ಸಹಜ. ಆದರೂ ಬಾಗಿಲು ಮುಚ್ಚಿದ್ದೇ ಸರಿ ಎನ್ನುವವನು ನಾನು. ಅಲ್ಲಿನ ವೇದಿಕೆ ಪ್ರೇಕ್ಷಕರೊಳಕ್ಕೆ ಚಾಚಿಕೊಂಡಿದೆ, ಮೂರು ಕಡೆಯೂ ಜನ. ತಡವಾಗಿ ಬಂದವನು ಸೀಟು ಹುಡುಕುತ್ತ ನಡೆದರೆ ಹೆಚ್ಚುಕಮ್ಮಿ ನಟರ ನಡುವೆಯೇ ನಡೆದಂತೆ. ಎದುರಿಗೆ ಚಿತ್ರದ ಚೌಕಟ್ಟಿನಂಥ ವೇದಿಕೆಯಿರುವ ದೊಡ್ಡ ಸಭಾಂಗಣದಲ್ಲಿ ಹಿಂದಿನ ಬಾಗಿಲಿನಿಂದ ನುಸುಳಿ ಕೊನೆಯ ಸಾಲಲ್ಲಿ ಕೂತರೆ ಅಷ್ಟು ಕೆಡುವುದಿಲ್ಲ, ಅಲ್ಲಿ ಅಷ್ಟು ಬಿಗಿಯೂ ಬೇಡ. ಟೆನಿಸ್‌ಗೆ ಆಟದಲ್ಲೇ ವಿರಾಮಗಳಿವೆ. ಆಟಗಾರರು ಪಕ್ಕ ಬದಲಿಸಿ ನೀರು ಕುಡಿಯುವಾಗ ಬಾಗಿಲ ಬಳಿ ಕಾದವರನ್ನು ಒಳಗೆ ಬಿಡುತ್ತಾರೆ. 2024ರಲ್ಲಿ ಆಸ್ಟ್ರೇಲಿಯನ್ ಓಪನ್ ಇದನ್ನು ಸಡಿಲಿಸಿ, ಪ್ರತಿ ಗೇಮ್ ಮುಗಿದಾಗಲೂ ಜನರನ್ನು ಬಿಟ್ಟಿತು. ಕೆಲವು ಆಟಗಾರರು ಗೊಣಗಿದರು. ನನಗೆ ಅದರಲ್ಲಿ ಅಪಚಾರ ಕಾಣಲಿಲ್ಲ: ಚೆಂಡು ಆಟದಲ್ಲಿಲ್ಲದಾಗ ಓಡಾಡಿದರೆ ನಷ್ಟವೇನು? ಎರಡು ಗಂಟೆಯ ನಾಟಕದಲ್ಲಿ ಚೆಂಡು ಒಂದು ಕ್ಷಣವೂ ಸಾಯುವುದಿಲ್ಲ ಎಂಬುದಷ್ಟೇ ತೊಡಕು.

ಪ್ರೇಕ್ಷಕರಿಗೆ ತಡವಾಗಿ ಬರುವುದನ್ನು ಕಲಿಸಿದವರು ಯಾರು ಎಂಬುದನ್ನೂ ಕೇಳಬೇಕು. ಆಹ್ವಾನಪತ್ರಿಕೆಯಲ್ಲಿ ಆರೂವರೆ ಎಂದಿರುತ್ತದೆ. ಆರೂವರೆಗೆ ಹೋದವನಿಗೆ ಸಿಗುವುದು ಪ್ರಾರ್ಥನೆ, ಸ್ವಾಗತ, ದೀಪ ಹಚ್ಚುವುದು, ಮುಖ್ಯ ಅತಿಥಿಗಳ ನಾಲ್ಕು ಮಾತು, ಅಧ್ಯಕ್ಷರ ಎರಡು ಮಾತು. ಎರಡು ಮಾತು ಇಪ್ಪತ್ತು ನಿಮಿಷದ್ದು. ಆಮೇಲೆ ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ, ಎಲ್ಲರೂ ಕ್ಯಾಮೆರಾ ಕಡೆಗೆ ತಿರುಗಿ ನಿಲ್ಲುವುದು. ಬಣ್ಣ ಹಚ್ಚಿಕೊಂಡ ನಟರು ಪರದೆಯ ಹಿಂದೆ ಬೆವರುತ್ತಿರುತ್ತಾರೆ. ನಾಟಕ ಶುರುವಾಗುವ ಹೊತ್ತಿಗೆ ಶಾಲು ಹೊದ್ದವರ ಅರ್ಧ ಭಾಗ ಬೇರೆ ಕಾರ್ಯಕ್ರಮಕ್ಕೆ ಹೊರಟಿರುತ್ತದೆ. ಇಂಥ ಸಂಜೆಗೆ ಏಳೂಮುಕ್ಕಾಲಿಗೆ ಬರುವವನನ್ನು ನಾನು ಒರಟ ಎನ್ನಲಾರೆ. ಅವನು ಅನುಭವಸ್ಥ. ವೇದಿಕೆಯ ಕಡೆಯವರು ಹೊತ್ತನ್ನು ಗೌರವಿಸಿದ ಕಡೆಗಳಲ್ಲೆಲ್ಲ ಜನವೂ ಗೌರವಿಸುತ್ತಾರೆ. ರಂಗಶಂಕರದ ಬಾಗಿಲು ತೋರಿಸಿಕೊಟ್ಟಿರುವುದು ಇದನ್ನೇ.

ಟೆನಿಸ್ ಸಭೆಯಲ್ಲಿ ಈಚೆಗೆ ಬೇರೊಂದು ರೋಗ ಹಬ್ಬುತ್ತಿದೆ. ಎದುರಾಳಿ ಡಬಲ್ ಫಾಲ್ಟ್ ಮಾಡಿದರೆ ಚಪ್ಪಾಳೆ ಹೊಡೆಯಬಾರದು ಎಂಬ ಹಳೆಯ ಮರ್ಯಾದೆ ಈಗ ಬಹುಪಾಲು ಮರೆತುಹೋಗಿದೆ. 2024ರ ಫ್ರೆಂಚ್ ಓಪನ್‌ನಲ್ಲಿ ಬೆಲ್ಜಿಯಂನ ಡೇವಿಡ್ ಗೊಫಿನ್, ಸ್ಥಳೀಯ ಆಟಗಾರನನ್ನು ಸೋಲಿಸಿದ ಮೇಲೆ, ಪ್ರೇಕ್ಷಕನೊಬ್ಬ ತನ್ನತ್ತ ಚೂಯಿಂಗ್ ಗಮ್ ಉಗಿದ ಎಂದು ಹೇಳಿದರು. ಅದೇ ಟೂರ್ನಿಯಲ್ಲಿ ಇಗಾ ಶ್ವಿಯಾಂಟೆಕ್ ಗೆದ್ದು ನಿಂತ ಮೇಲೂ, ಪಾಯಿಂಟ್ ನಡೆಯುವಾಗ ಕೂಗಬೇಡಿ ಎಂದು ಜನರನ್ನು ಬೇಡಿಕೊಳ್ಳಬೇಕಾಯಿತು. ಸಂಘಟಕರು ಕೊನೆಗೆ ಗ್ಯಾಲರಿಯಲ್ಲಿ ಮದ್ಯ ನಿಷೇಧಿಸಿದರು. ನಾಟ್ಯಶಾಸ್ತ್ರದ ಇರುವೆಗಳು ಪ್ಯಾರಿಸ್ ತಲುಪಿದಂತಾಯಿತು.

ಪಕ್ಷ ವಹಿಸುವುದೇ ತಪ್ಪು ಎಂದಲ್ಲ. ದೇಶದೇಶಗಳ ನಡುವಿನ ಡೇವಿಸ್ ಕಪ್ ಪಂದ್ಯಕ್ಕೆ ಡೋಲು ತರುವ ಸಂಪ್ರದಾಯವೇ ಇದೆ. 2014ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಕಬ್ಬನ್ ಪಾರ್ಕಿನ ಟೆನಿಸ್ ಅಂಗಣದಲ್ಲಿ ಸರ್ಬಿಯಾ ಎದುರು ಲಿಯಾಂಡರ್ ಪೇಸ್, ರೋಹನ್ ಬೋಪಣ್ಣ ಜೋಡಿ ಮೊದಲ ಎರಡು ಸೆಟ್ ಸೋತು, ಉಳಿದ ಮೂರನ್ನೂ ಗೆದ್ದಾಗ ಜನ ಮಾಡಿದ ಗದ್ದಲ ಆಟದ ಒಡಲಿನಿಂದಲೇ ಬಂದದ್ದು. ನನಗೆ ಒಪ್ಪಿಗೆಯಾಗದ್ದು, ಒಬ್ಬನೇ ಒಬ್ಬನನ್ನು ನೋಡಲು ಬಂದು ಎದುರಿಗಿರುವವನನ್ನು ಅಡ್ಡಿಯೆಂದು ಎಣಿಸುವುದು. 2019ರ ವಿಂಬಲ್ಡನ್ ಫೈನಲ್ 4 ಗಂಟೆ 57 ನಿಮಿಷ ನಡೆಯಿತು. ರೋಜರ್ ಫೆಡರರ್ ಎದುರು ನೊವಾಕ್ ಜೊಕೊವಿಚ್ ಎರಡು ಚಾಂಪಿಯನ್‌ಶಿಪ್ ಪಾಯಿಂಟ್ ಉಳಿಸಿಕೊಂಡು ಗೆದ್ದರು. ಇಡೀ ಸಭೆ ‘ರೋಜರ್’ ಎಂದು ಕೂಗುವಾಗ ತಾನು ಅದನ್ನು ‘ನೊವಾಕ್’ ಎಂದು ಕೇಳಿಸಿಕೊಳ್ಳುತ್ತಿದ್ದೆ ಎಂದು ಅವರು ಆಮೇಲೆ ಹೇಳಿದರು. ಅವರ ಮನೋಬಲವನ್ನು ಎಲ್ಲರೂ ಹೊಗಳಿದರು. ಹಾಗೆ ಕೇಳಿಸಿಕೊಳ್ಳುವ ಗತಿ ತಂದಿಟ್ಟ ಸಭೆಯ ಬಗ್ಗೆ ಹೆಚ್ಚು ಜನ ಬರೆಯಲಿಲ್ಲ. ಅಷ್ಟು ಒಳ್ಳೆಯ ಆಟವನ್ನು ಅರ್ಧ ಅಂಗಣದಷ್ಟೇ ನೋಡಿ ಮನೆಗೆ ಹೋದವರು ಆ ಸಭಿಕರು. ನಾಟಕ ನೋಡಿ ಅಭ್ಯಾಸವಿದ್ದವನಿಗೆ ಎರಡೂ ಕಡೆ ನೋಡುವುದು ಕಷ್ಟವಾಗಬಾರದು, ಯಾಕೆಂದರೆ ಅಲ್ಲಿ ದುರ್ಯೋಧನನಿಗೂ ಮನಸ್ಸು ಕೊಡಬೇಕಾಗುತ್ತದೆ.

ಆದರೆ ರಂಗಮಂದಿರದಲ್ಲೂ ಅಭಿಮಾನಿ ಸಂಘಗಳಿವೆ. ಹವ್ಯಾಸಿ ತಂಡದ ಮೊದಲ ಪ್ರದರ್ಶನದಲ್ಲಿ ನಟನ ಆಫೀಸಿನವರು ಮೂರು ಸಾಲು ತುಂಬಿ, ಅವನು ಬಾಗಿಲು ತೆರೆದು ಒಳಬಂದರೂ ಚಪ್ಪಾಳೆ, ಹೊರಹೋದರೂ ಚಪ್ಪಾಳೆ. ಕೊನೆಗೆ ಎಲ್ಲರೂ ಎದ್ದು ನಿಲ್ಲುತ್ತಾರೆ. ಎದ್ದು ನಿಂತು ಚಪ್ಪಾಳೆ ತಟ್ಟುವುದು ಈಗ ಎಷ್ಟು ಮಾಮೂಲಾಗಿದೆ ಎಂದರೆ, ಕೂತೇ ತಟ್ಟಿದರೆ ಏನೋ ಮುನಿಸು ಎಂದುಕೊಳ್ಳುತ್ತಾರೆ. ನಾನು ಸಾಮಾನ್ಯವಾಗಿ ಕೂತೇ ತಟ್ಟುತ್ತೇನೆ. ಎದ್ದು ನಿಲ್ಲುವಂಥ ನಾಟಕ ವರ್ಷಕ್ಕೊಂದು ಬಂದರೆ ಹೆಚ್ಚು, ಅದಕ್ಕೆ ಕಾಲುಗಳು ತಾವಾಗಿ ಏಳುತ್ತವೆ. ಎಲ್ಲಕ್ಕೂ ಎದ್ದುಬಿಟ್ಟರೆ ಆ ಒಂದಕ್ಕೆ ಏನು ಮಾಡುವುದು, ಕುರ್ಚಿಯ ಮೇಲೆ ಹತ್ತುವುದೇ?

‘ದುಡ್ಡು ಕೊಟ್ಟು ಬಂದಿದ್ದೇನೆ, ಹೇಗೆ ಬೇಕಾದರೂ ನೋಡುತ್ತೇನೆ’ ಎನ್ನುವವರು ಇದ್ದೇ ಇದ್ದಾರೆ. ನಾನು ಕಂಡ ಮಟ್ಟಿಗೆ ದುಡ್ಡು ಕೊಟ್ಟು ಬಂದವರು ಅಷ್ಟಾಗಿ ಕೆಡಿಸುವುದಿಲ್ಲ. ಕೆಡಿಸುವವರು ಪಾಸಿನವರು. ವಿಂಬಲ್ಡನ್‌ನಲ್ಲಿ ಟಿಕೆಟ್ಟಿಗಾಗಿ ಹಿಂದಿನ ರಾತ್ರಿಯಿಂದಲೇ ಪಾರ್ಕಿನಲ್ಲಿ ಗುಡಾರ ಹಾಕಿಕೊಂಡು ಸರತಿಯಲ್ಲಿ ಮಲಗುವವರು ಕೊನೆಯ ಪಾಯಿಂಟ್‌ವರೆಗೂ ಕದಲುವುದಿಲ್ಲ. ಚಹಾದ ಹೊತ್ತಿಗೆ ಖಾಲಿಯಾಗುವುದು ಆತಿಥ್ಯದ ಸೀಟುಗಳು. ಅದಕ್ಕೆ ಆ ಕ್ಲಬ್ಬಿನವರು ಒಂದು ಉಪಾಯ ಮಾಡಿದ್ದಾರೆ. ಬೇಗ ಹೊರಡುವವರು ಬಿಟ್ಟುಹೋದ ಟಿಕೆಟ್ಟುಗಳನ್ನು ಆವರಣದೊಳಗೆ ಕಾಯುತ್ತಿರುವವರಿಗೆ ಸಣ್ಣ ಬೆಲೆಗೆ ಮತ್ತೆ ಮಾರುತ್ತಾರೆ, ಬಂದ ಹಣ ದಾನಕ್ಕೆ ಹೋಗುತ್ತದೆ. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಂಥ ನಮ್ಮ ಸಭಾಂಗಣಗಳಲ್ಲಿ ಗಣ್ಯರಿಗೆಂದು ಬಿಳಿ ಬಟ್ಟೆ ಹೊದಿಸಿ ಕಾಯ್ದಿಟ್ಟ ಮುಂದಿನ ಸಾಲಿನ ಸೋಫಾಗಳಿಗೂ ಇಂಥದ್ದೊಂದು ನಿಯಮ ಬರಲಿ. ಎರಡನೇ ಬೆಲ್ ಆಗುವವರೆಗೆ ಗಣ್ಯರಿಗೆ ಕಾಯೋಣ. ಬೆಲ್ ಆದ ಮೇಲೆ ಖಾಲಿ ಉಳಿದ ಸೋಫಾಗಳಿಗೆ, ಹಿಂದೆ ಗೋಡೆಗೆ ಒರಗಿ ನಿಂತಿರುವ ಕಾಲೇಜು ಹುಡುಗ ಹುಡುಗಿಯರನ್ನು ಕರೆದು ಕೂರಿಸಬೇಕು. ನಾಟಕ ಶುರುವಾಗುವ ಮೂರನೇ ಬೆಲ್ ಆದ ಮೇಲೆ ಮಂತ್ರಿಗಳೇ ಬಂದರೂ ಆ ಹುಡುಗರನ್ನು ಎಬ್ಬಿಸಬಾರದು.